ಅತಿಥಿಗಳು ಹೇಳಿದ್ದನ್ನೆಲ್ಲ ಸರಿಮಾಡಿದೆವು

ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ಪೀಣ್ಯದ ನಮ್ಮ ಕಾರ್ಖಾನೆದಾರರ ಸಂಘದ ಕಚೇರಿಯಲ್ಲಿ ಇದ್ದವರು ನಾಲ್ವರು. ಅಧ್ಯಕ್ಷ ರಾಮಲಿಂಗಯ್ಯನವರು, ಖಜಾಂಚಿ ವೆಂಕಟೇಶ್, ಕಾರ್ಯದರ್ಶಿ ಎಂಬ ಹಣೆಪಟ್ಟಿ ಹೊತ್ತ ನಾನು, ಮತ್ತು ನಮ್ಮ ಶಿಶುವಿಹಾರದ ಆಯಾ ಮುನಿಯಮ್ಮ. ಮೂವರು ಕುಳಿತಿದ್ದೆವು. ಮುನಿಯಮ್ಮ ಬಾಗಿಲ ಬಳಿ ನಿಂತಿದ್ದಳು. (ಕೂತ್ಕೊಳಮ್ಮ ಎಂದು ಎರಡು ಸಲ ಹೇಳಿದೆ. 'ಇರ್ಲಿ ಬುಡಿ ಸಾರ್' ಎಂದಳು. ಅವಳು ಕೂರಲು ಬಂದಿರಲಿಲ್ಲ, ಕೇಳಲು ಬಂದಿದ್ದಳು.)

ಮೇಜಿನ ಮೇಲೆ ಚೀಟಿಗಳ ರಾಶಿ. ಹಿಂದಿನ ದಿನ ನಡೆದ ನಮ್ಮ ವಾರ್ಷಿಕ 'ಸಹಾಯಾರ್ಥ ಸಂಜೆ'ಯ ಬಗ್ಗೆ ಅತಿಥಿಗಳು ಬರೆದು ಹಾಕಿದ ಅಭಿಪ್ರಾಯಗಳು. ರಾಮಲಿಂಗಯ್ಯನವರು ಒಂದೊಂದನ್ನೇ ಎತ್ತಿ ಗಟ್ಟಿಯಾಗಿ ಓದುತ್ತಿದ್ದರು. 'ಫಸ್ಟ್ ಕ್ಲಾಸ್.' 'ಕಾಫಿ ಬಹಳ ಚೆನ್ನಾಗಿತ್ತು.' 'ಸಮಯಕ್ಕೆ ಸರಿಯಾಗಿ ಮುಗಿಸಿದ್ದಕ್ಕೆ ಧನ್ಯವಾದ.'

"ಒಂದು ಕಂಪ್ಲೇಂಟ್ ಇಲ್ಲ ಕಣ್ರೀ! ಒಂದೇ ಒಂದು ರಿಜೆಕ್ಷನ್ ಇಲ್ಲ!" ಎಂದು ಮೇಜು ಕುಟ್ಟಿದರು. ಪವರ್ ಪ್ರೆಸ್ ಕಾರ್ಖಾನೆಯ ಮಾಲೀಕರು ಅವರು. ಖುಷಿಯಾದಾಗಲೂ ಏನನ್ನಾದರೂ ಕುಟ್ಟಲೇಬೇಕು.

ಆಮೇಲೆ ಒಂದು ಚೀಟಿ ಕೈಗೆ ಬಂತು. ಓದಿದರು. ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಇನ್ನೊಮ್ಮೆ ಓದಿದರು. ನನ್ನ ಕಡೆ ತಳ್ಳಿದರು.

'ಎಲ್ಲ ಅಚ್ಚುಕಟ್ಟಾಗಿತ್ತು. ಒಂದೇ ಪ್ರಶ್ನೆ. ಇದು ಯಾತರ ಸಹಾಯಾರ್ಥ?'

ಹೇಗಿದೆ? ಮೂರು ತಿಂಗಳು ಓಡಾಡಿ, ಚಪ್ಪಲಿ ಸವೆಸಿ, ಮನೆಯಲ್ಲಿ ಬೈಸಿಕೊಂಡು ಮಾಡಿದ ಕಾರ್ಯಕ್ರಮಕ್ಕೆ ಬಂದು, ಎರಡು ಸಲ ಕೇಸರಿಬಾತು ಹಾಕಿಸಿಕೊಂಡು ಹೋದ ಮಹಾನುಭಾವ ಕೇಳುತ್ತಿದ್ದಾನೆ, ಯಾತಕ್ಕೆ ಅಂತ! ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಅದನ್ನು ಹೇಳುವುದಕ್ಕೇ ಈ ವಾರ ಕುಳಿತಿದ್ದೇನೆ.

ನಮ್ಮ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಕೂಸುಗಳಿಗೆಂದು ಸಂಘ ಒಂದು ಶಿಶುವಿಹಾರ ನಡೆಸುತ್ತದೆ. ತಾಯಂದಿರು ಬೆಳಿಗ್ಗೆ ಸೈರನ್ನಿಗೆ ಮುಂಚೆ ಮಕ್ಕಳನ್ನು ಮುನಿಯಮ್ಮನ ಮಡಿಲಿಗೆ ಹಾಕಿ ಓಡುತ್ತಾರೆ. ಊಟದ ಬಿಡುವಿನಲ್ಲಿ ಓಡಿಬಂದು ಹಾಲೂಡಿಸಿ ಮತ್ತೆ ಓಡುತ್ತಾರೆ. ಗೋಡೆಗಳು ಗಟ್ಟಿಯಾಗಿವೆ. ಮೇಲೆ ಮಾತ್ರ ತಗಡಿನ ಶೀಟು. ಈ ವರ್ಷ ತಗಡು ಕಿತ್ತು ಹಂಚು ಹೊದಿಸಬೇಕು, ಅದಕ್ಕಾಗಿಯೇ ಸಹಾಯಾರ್ಥ ಸಂಜೆ. ಹೀಗೆಂದು ನಾವೇ ತೀರ್ಮಾನ ಮಾಡಿದ್ದೆವು.

ಈ ಅಭಿಪ್ರಾಯದ ಚೀಟಿಯ ಹುಳವನ್ನು ತಲೆಗೆ ಬಿಟ್ಟವನು ವೆಂಕಟೇಶ್. ಎಂ.ಜಿ. ರೋಡಿನ ಕಡೆ ಯಾವುದೋ ದೊಡ್ಡ ಹೋಟೆಲಿನಲ್ಲಿ ಬಿಲ್ಲಿನ ಜೊತೆ ಒಂದು ಕಾರ್ಡು ಕೊಟ್ಟು, ಊಟ ಹೇಗಿತ್ತು ಬರೆಯಿರಿ ಎಂದರಂತೆ. "ಸಾರ್, ನಾವೂ ಮಾಡೋಣ. ಇಂಪ್ರೂವ್ ಆಗ್ಬೋದು" ಎಂದ. ಸರಿ, ಚೀಟಿಗಳನ್ನು ಸೈಕ್ಲೋಸ್ಟೈಲ್ ಮಾಡಿಸಿದೆವು.

ಮೊದಲ ವರ್ಷ ಚೀಟಿಯಲ್ಲಿ ಹೆಸರು ಬರೆಯಬೇಕಿತ್ತು. ಬರೆದದ್ದನ್ನು ಬಾಗಿಲಲ್ಲಿ ತಾಂಬೂಲ ಕೊಡುತ್ತಿದ್ದ ನನ್ನ ಕೈಗೇ ಕೊಡಬೇಕಿತ್ತು. ನೀವೇ ಹೇಳಿ, ಒಂದು ಕೈಯಲ್ಲಿ ತೆಂಗಿನಕಾಯಿ ಇಸಕೊಂಡು, ಇನ್ನೊಂದು ಕೈಯಲ್ಲಿ 'ಉಪ್ಪಿಟ್ಟು ಚೆನ್ನಾಗಿರಲಿಲ್ಲ' ಎಂದು ಬರೆದುಕೊಡುವ ಗಂಡೆದೆ ನಮ್ಮವರಲ್ಲಿ ಯಾರಿಗಿದೆ? ಆ ಉಪ್ಪಿಟ್ಟು ತಿಂದು ಮೂರು ಲೋಟ ನೀರು ಕುಡಿದವರೂ 'ಬಹಳ ರುಚಿ' ಎಂದೇ ಬರೆದಿದ್ದರು.

(ನಮ್ಮ ಅಜ್ಜಿ ನೂರು ಎಲೆ ಬಡಿಸಿದರೂ ಹೇಗಿದೆ ಎಂದು ಯಾರನ್ನೂ ಕೇಳಿದವಳಲ್ಲ. ಎಲ್ಲರೂ ಕೈತೊಳೆಯಲು ಎದ್ದಮೇಲೆ ಎಲೆಗಳನ್ನು ಒಮ್ಮೆ ನೋಡಿಕೊಂಡು ಬರುತ್ತಿದ್ದಳು. ಅಂಚಿಗೆ ಏನು ಸರಿಸಿಟ್ಟಿದ್ದಾರೋ ಅದೇ ಅವಳಿಗೆ ಅಭಿಪ್ರಾಯ. ಸೈಕ್ಲೋಸ್ಟೈಲ್ ಬೇಕಿರಲಿಲ್ಲ.)

ಹೋದ ವರ್ಷ ಹೆಸರು ಬೇಡ ಎಂದೆವು. ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟೆವು. ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು! ಕುರ್ಚಿ ಬೆನ್ನಿಗೆ ಚುಚ್ಚುತ್ತದೆ. ಮೈಕು ಕಿರುಚುತ್ತದೆ. ಸೊಳ್ಳೆ. ಕಾಫಿಗೆ ಸಕ್ಕರೆ ಕಡಿಮೆ. ಕಾಫಿಗೆ ಸಕ್ಕರೆ ಜಾಸ್ತಿ. ಅಧ್ಯಕ್ಷರ ಭಾಷಣ ಮುಗಿಯುವುದರೊಳಗೆ ಕೊನೇ ಬಸ್ಸು ಹೋಯಿತು. ಶಿಶುವಿಹಾರದ ಮಕ್ಕಳು ಹಾಡುವಾಗ ಕೈಗೂಸುಗಳ ಅಳು, ಗಲಾಟೆ. ಆಮೇಲೆ ಆಯಾ ಒಂದು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಕಾಣಿಕೆಯ ತಟ್ಟೆ ಹಿಡಿದು ಮುಂದೆ ನಿಲ್ಲುತ್ತಾಳೆ, ಬಹಳ ಮುಜುಗರ.

ರಾಮಲಿಂಗಯ್ಯನವರು ಇದನ್ನೆಲ್ಲ ತಮ್ಮ ಕಾರ್ಖಾನೆಯ ಇನ್ಸ್‌ಪೆಕ್ಷನ್ ಟೇಬಲ್ಲಿನ ಥರವೇ ವಿಂಗಡಿಸಿದರು. ಪಾಸ್, ರೀವರ್ಕ್, ರಿಜೆಕ್ಟ್. ಕುರ್ಚಿ ರೀವರ್ಕ್. ಮೈಕು ರೀವರ್ಕ್. ತಮ್ಮ ಭಾಷಣವೂ ರೀವರ್ಕ್. (ಮುಕ್ಕಾಲು ಗಂಟೆಯಿಂದ ಅರ್ಧ ಗಂಟೆಗೆ ಇಳಿಯಿತು. ದೊಡ್ಡ ತ್ಯಾಗ.) ಮಕ್ಕಳ ಹಾಡಿನ ಬಳಿ ಬಂದಾಗ ಪೆನ್ನು ನನ್ನ ಕೈಯಲ್ಲಿತ್ತು.

"ಸಾರ್, ಮಕ್ಕಳನ್ನೇ ತೆಗೆದ್ಬಿಟ್ರೆ ಹೆಂಗೆ? ಕಾರ್ಯಕ್ರಮ ಅವರದ್ದೇ ಅಲ್ವಾ?" ಎಂದೆ.

"ರೀ, ಕಸ್ಟಮರ್ ಬೇಡ ಅಂದ್ಮೇಲೆ ಆ ಪೀಸು ಲೈನಲ್ಲಿ ಇರಬಾರ್ದು. ಸೆಂಟಿಮೆಂಟು ಬೇರೆ, ಕ್ವಾಲಿಟಿ ಬೇರೆ. ಬರ್ಕೊಳ್ರೀ."

"ತಟ್ಟೆ ಬದಲು ಒಂದು ಹುಂಡಿ ಇಡೋಣ ಸಾರ್. ಡೀಸೆಂಟಾಗಿರತ್ತೆ" ಎಂದ ವೆಂಕಟೇಶ್.

ಬರೆದುಕೊಂಡೆ. 'ಮಕ್ಕಳ ಹಾಡು, ರಿಜೆಕ್ಟ್. ತಟ್ಟೆ, ರಿಜೆಕ್ಟ್.' ನನ್ನದೇ ದುಂಡನೆಯ ಅಕ್ಷರ. ಮೂರು ಮಾತು ವಾದ ಮಾಡಿದ್ದರೆ ನಾಲಿಗೆ ಸವೆಯುತ್ತಿತ್ತೇ? ಮಾಡಲಿಲ್ಲ. ಮೀಟಿಂಗ್ ಬೇಗ ಮುಗಿದರೆ ಸಾಕಾಗಿತ್ತು.

ಹೀಗಾಗಿ ಈ ವರ್ಷದ ಸಂಜೆ ಕಲೆಯಿಲ್ಲದ ಬಿಳಿ ಪಂಚೆಯ ಹಾಗೆ ನಡೆಯಿತು. ಹೊಸ ಶಾಮಿಯಾನ, ಮೆತ್ತನೆಯ ಕುರ್ಚಿ, ಪಿಸುಗುಟ್ಟಿದರೂ ಕೇಳಿಸುವ ಮೈಕು. ಸಕ್ಕರೆಯನ್ನು ಬೇರೆ ಬಟ್ಟಲಲ್ಲೇ ಇಟ್ಟಿದ್ದೆವು. ಒಂದು ಕೂಸೂ ಅಳಲಿಲ್ಲ. ಇದ್ದರೆ ತಾನೆ ಅಳುವುದಕ್ಕೆ? ಹುಂಡಿ ಡೀಸೆಂಟಾಗಿ ಕಾಫಿ ಟೇಬಲ್ಲಿನ ಹಿಂದಿತ್ತು. ಕೊನೆಗೆ ಹೋಗಿ ನೋಡಿದರೆ ಅದರ ಮೇಲೆ ಯಾರೋ ಎರಡು ಖಾಲಿ ಲೋಟ ಇಟ್ಟು ಹೋಗಿದ್ದರು.

ಈಗ ಮತ್ತೆ ಭಾನುವಾರಕ್ಕೆ ಬನ್ನಿ. ನನ್ನ ಕೈಯಲ್ಲಿ ಆ ಚೀಟಿ. ಬಾಗಿಲಲ್ಲಿ ಮುನಿಯಮ್ಮ.

"ಸಾರ್, ಅಂಚು ಯಾವಾಗ ಆಕುಸ್ತೀರಾ?"

ವೆಂಕಟೇಶ್ ಮುಖ ತಗ್ಗಿಸಿದ. "ಈ ಸಲ ಸ್ವಲ್ಪ ಕಷ್ಟ ಆಯ್ತಮ್ಮ. ಶಾಮಿಯಾನ, ಕುರ್ಚಿ, ಮೈಕು ಅಂತ ಖರ್ಚಾಗೋಯ್ತು. ಹುಂಡೀಲೂ ಅಷ್ಟಕ್ಕಷ್ಟೆ."

"ಬಂದೋರ್ಗೆ ಕುಸಿ ಆಯ್ತಾ?"

"ತುಂಬಾ ಖುಷಿ ಆಯ್ತು."

"ಆಗ್ಲಿ ಬುಡಿ, ಬೋ ಸಂತೋಸ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ತಗಡು ಕಾಯ್ತದೆ ಸಾರ್. ಮದ್ಯಾನ ಒಳೀಕ್ ಕಾಲಿಡಾಕಾಗಕಿಲ್ಲ. ಗೋಣಿಚೀಲ ನೆನೆಸಿ ಮ್ಯಾಲೆ ಆಕ್ತೀನಿ, ಅರ್ಧ ಗಂಟೇಲಿ ಒಣಗೋಯ್ತದೆ. ಕೂಸುಗಳ ಮೈಯೆಲ್ಲಾ ಬೆವರುಸಾಲೆ. ರತ್ನಮ್ಮ ಮಗೀನ ತಾವ ಇರ್ಬೇಕು ಅಂತ ಕೆಲ್ಸಾನೇ ಬುಟ್ಲು. ಈಗ್ಲೇ ಇಂಗೆ, ಇನ್ನ ಯುಗಾದಿ ಕಳದ್ರೆ ಎಂಗೆ?"

"ನೋಡೋಣಮ್ಮ. ಮಂಗಳವಾರ ಮಧ್ಯಾಹ್ನ ಮೀಟಿಂಗ್ ಇದೆ, ಅದರಲ್ಲಿ ಇಡ್ತೀನಿ" ಎಂದರು ರಾಮಲಿಂಗಯ್ಯನವರು.

"ಎಲ್ಲಿ ಸಾರ್ ಮೀಟಿಂಗು? ಇಲ್ಲೇಯಾ?"

"ಇಲ್ಲೇ."

ಅವಳು ತಲೆಯಾಡಿಸಿ ಹೋದಳು. ನಾವು ಉಳಿದ ಚೀಟಿಗಳನ್ನು ಓದಲಿಲ್ಲ.

ನನಗೆ ಅರ್ಥವಾಗದ್ದು ಇಷ್ಟೇ. ಉಂಡವರನ್ನು ಕೇಳಿದೆವು, ಕೇಳುವುದರಲ್ಲಿ ತಪ್ಪಿಲ್ಲ. ಅವರು ಹೇಳಿದ್ದರಲ್ಲೂ ತಪ್ಪಿಲ್ಲ, ಕುರ್ಚಿ ನಿಜವಾಗಿಯೂ ಚುಚ್ಚುತ್ತಿತ್ತು. ಆದರೆ ಅತಿಥಿಗೆ ಮುಜುಗರವಾಯಿತು ಎಂದ ತಕ್ಷಣ ಆ ಮುಜುಗರವನ್ನೇ ಒರೆಸಿ ಹಾಕಬೇಕೇ? ಅಳುವ ಕೂಸು ಕಣ್ಣೆದುರು ಇದ್ದಾಗ ಮನುಷ್ಯ ಚಡಪಡಿಸುತ್ತಾನೆ, ಚಡಪಡಿಸುತ್ತ ಜೇಬಿಗೆ ಕೈ ಹಾಕುತ್ತಾನೆ. ನಾವು ಆ ಚಡಪಡಿಕೆಯನ್ನು ಕಂಪ್ಲೇಂಟು ಎಂದು ಬರೆದುಕೊಂಡು, ಮೆತ್ತನೆಯ ಕುರ್ಚಿ ಹಾಕಿಸಿದೆವು. ಇಷ್ಟು ಚಾಕರಿಯಾದ ಮೇಲೆ ಆ ಅತಿಥಿ 'ಯಾತರ ಸಹಾಯಾರ್ಥ' ಎಂದು ಕೇಳಿದರೆ ನಮಗೇಕೆ ಉರಿ? ಓದಿದಷ್ಟು ಚೀಟಿಗಳಲ್ಲಿ ಕೆಲಸಕ್ಕೆ ಬರುವ ಅಭಿಪ್ರಾಯ ಅದೊಂದೇ ಇತ್ತು.

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ನಾವು ಮೂವರೂ ಕಚೇರಿಗೆ ಬಂದೆವು. ಬಾಗಿಲು ತೆರೆದಿತ್ತು. ಒಳಗೆ ನಮ್ಮ ಮೇಜನ್ನು ಗೋಡೆಗೆ ಸರಿಸಿ, ನೆಲದ ತುಂಬ ಚಾಪೆ ಹಾಸಿತ್ತು. ಶಿಶುವಿಹಾರದ ಅಷ್ಟೂ ಮಕ್ಕಳು ಫ್ಯಾನಿನ ಕೆಳಗೆ ಸಾಲಾಗಿ ಮಲಗಿ ನಿದ್ದೆ ಮಾಡುತ್ತಿದ್ದವು. ಕಿಟಕಿಯ ಸರಳಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಒಂದು ಕೈಗೂಸು. ಅದನ್ನು ತೂಗುತ್ತ ಕುಳಿತಿದ್ದ ಮುನಿಯಮ್ಮ ನಮ್ಮನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

ರಾಮಲಿಂಗಯ್ಯನವರು ಹೊಸ್ತಿಲ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು. ಆಮೇಲೆ ಸದ್ದಾಗದಂತೆ ಬಾಗಿಲು ಮುಂದೆ ಮಾಡಿದರು.

ಮೀಟಿಂಗನ್ನು ಹೊರಗೆ ಅಂಗಳದಲ್ಲಿ, ನೆತ್ತಿಯ ಮೇಲಿನ ಬಿಸಿಲಿನಲ್ಲಿ ನಿಂತು ಮಾಡಿದೆವು. ಐದು ನಿಮಿಷ ಆಗಿರಬಹುದು. ಅಧ್ಯಕ್ಷರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ರೀ, ಹಂಚಿನೋರಿಗೆ ಇವತ್ತೇ ಹೇಳಿ ಕಳಿಸ್ರೀ, ದುಡ್ಡು ನಾವು ಮೂರು ಜನ ಹಾಕೋಣ" ಎಂದರು. "ಇಲ್ಲಿ ನಿಲ್ಲಕ್ಕಾಗಲ್ಲ."

ಶನಿವಾರ ಹಂಚಿನ ಲಾರಿ ಬಂತು.