ವಾಸಣ್ಣನ ಮೂರನೇ ಹಾಡು

ಹಣೆಯಲ್ಲಿ ಗಂಧ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದುರಿಗೆ ಸರ್ಕಾರಿ ಕಾಗದಗಳ ಕಟ್ಟು. ಮೇಜಿನ ಮೇಲೆ ಕಾಣುತ್ತಿದ್ದ ವಾಸಣ್ಣ ಇಷ್ಟೇ. ಮೇಜಿನ ಕೆಳಗೆ ಅವರ ಎರಡೂ ಕಾಲುಗಳು ಬಿಡುವಿಲ್ಲದೆ ಡ್ರಮ್ ಬಾರಿಸುತ್ತಿದ್ದವು.

ಕಾಸರಗೋಡಿನ ಕನ್ನಡಿಗರಿಗಾಗಿ ಮಲಯಾಳದ ಆದೇಶಗಳನ್ನು ಕನ್ನಡ ಮಾಡುವುದು ತಿರುವನಂತಪುರದಲ್ಲಿ ಅವರ ನೌಕರಿ. ನಾನು ಮೈಸೂರಿನಿಂದ ಬಂದು ಐಟಿ ಕಂಪನಿ ಸೇರಿದ್ದೆ. ಅಲ್ಲೇ ತಂಪಾನೂರಿನ ಒಂದೇ ಲಾಡ್ಜಿನಲ್ಲಿ ಅಕ್ಕಪಕ್ಕದ ಕೋಣೆ. ಮೊದಲ ಭಾನುವಾರ ಅವರ ಬಾಗಿಲಿನಿಂದ ಬಂದ ಅಬ್ಬರ ಕೇಳಿ, ಒಳಗೆ ಯಾರೋ ಹುಡುಗರಿರಬೇಕು ಎಂದುಕೊಂಡು ಬಾಗಿಲು ತಟ್ಟಿದೆ. ತೆರೆದವರು ನಲವತ್ತೈದರ ಈ ಮನುಷ್ಯ.

"ಬಾ ಮಾರಾಯ. ಇದು ಥ್ರ್ಯಾಶ್ ಮೆಟಲ್, ರಾಕ್ ಸಂಗೀತದಲ್ಲೇ ಭಾರೀ ಅಬ್ಬರದ್ದು. ಕಿವಿಯಿಂದ ಕೇಳಿದರೆ ಸಾಲದು, ಕಾಲಿನಿಂದ ಕೇಳಬೇಕು" ಎಂದರು.

ಎಂಬತ್ತರ ದಶಕದ ಒಂದೇ ಆಲ್ಬಂ, ಒಂದೇ ಕ್ಯಾಸೆಟ್. ಗೆಳೆಯನೊಬ್ಬನ ಕ್ಯಾಸೆಟ್ ತಂದು, ಎರಡು ಟೇಪ್ ರೆಕಾರ್ಡರ್ ಎದುರುಬದುರು ಇಟ್ಟು ಮನೆಯಲ್ಲೇ ಧ್ವನಿಮುದ್ರಿಸಿಕೊಂಡದ್ದಂತೆ. ಮೊದಲ ಹಾಡಿನ ನಡುವೆ ಕುಕ್ಕರ್ ಮೂರು ಸಲ ಕೂಗುತ್ತಿತ್ತು! ನಾನು ನಕ್ಕರೆ ಅವರೂ ನಗುತ್ತಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. "ಬೈಯುವುದನ್ನೆಲ್ಲ ಈ ಹಾಡಿನವರೇ ಬೈದು ಮುಗಿಸಿದ್ದಾರೆ, ನನಗೆ ಇನ್ನು ಎಂತ ಕೆಲಸ ಉಂಟು?" ಎನ್ನುತ್ತಿದ್ದರು.

ಮೂರನೇ ಹಾಡಿನ ನಡುವೆ ಡ್ರಮ್ ನಿಂತು ಗಿಟಾರ್ ಒಂದೇ ಉಳಿಯುವ ಜಾಗವಿದೆ. ಅಲ್ಲಿ ಅವರ ಟೇಪಿನ ದನಿ ಸಟ್ಟನೆ ಕುಗ್ಗಿ ಬರೀ ಸರಪರ. ಪ್ರತಿ ಸಲವೂ ಅವರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿ, ದನಿ ಏರಿಸಿ, ಸ್ಪೀಕರಿಗೆ ಕಿವಿ ಹಚ್ಚುತ್ತಿದ್ದರು. ಪಾಪ, ಟೇಪು ಕೆಟ್ಟಿದೆ, ಗಿಟಾರಿಗೆ ಒದ್ದಾಡುತ್ತಾರೆ ಎಂದುಕೊಳ್ಳುತ್ತಿದ್ದೆ. ಊರಿಗೆ ಯಾಕೆ ಹೋಗುವುದಿಲ್ಲ, ಮನೆಯಲ್ಲಿ ಯಾರಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಒಂಟಿತನವೇ ನನಗೆ ದೊಡ್ಡದಾಗಿತ್ತು.

ಕಂಪನಿ ನನ್ನನ್ನು ಕೊಚ್ಚಿಗೆ ವರ್ಗ ಮಾಡಿದಾಗ ವಾಸಣ್ಣ ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. "ಸವೆದು ಹೋಗ್ತಾ ಉಂಟು. ನಿನ್ನ ಕಂಪ್ಯೂಟರಿನಲ್ಲಿ ಸಿಡಿ ಮಾಡಲಿಕ್ಕೆ ಆಗ್ತದಾ? ಇದ್ದ ಹಾಗೆ ಬೇಕು, ಆಯ್ತಾ?"

ಕೊಚ್ಚಿಯ ಎಡಪ್ಪಳ್ಳಿಯ ನನ್ನ ಮನೆಯಲ್ಲಿ ಮೊದಲ ಹಾಡಿಗೇ ಟೇಪು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆದರೆ ಸಹೋದ್ಯೋಗಿಯೊಬ್ಬನ ಹತ್ತಿರ ಅದೇ ಆಲ್ಬಂ ಇತ್ತು, ಅಸಲು, ಸ್ವಚ್ಛ. ಕುಕ್ಕರ್ ಇಲ್ಲ, ಸರಪರ ಇಲ್ಲ. ಅದನ್ನೇ ಸಿಡಿ ಮಾಡಿ, ತುಂಡಾದ ಕ್ಯಾಸೆಟ್ಟನ್ನು ಕಸದ ಬುಟ್ಟಿಗೆ ಹಾಕಿದೆ. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ.

ಮುಂದಿನ ಭಾನುವಾರ ರೈಲು ಹತ್ತಿ ಹೋದೆ. ವಾಸಣ್ಣ ಹೊಸ ಸಿಡಿ ಪ್ಲೇಯರ್ ತಂದಿಟ್ಟು ಕಾಯುತ್ತಿದ್ದರು. ಮೊದಲ ಹಾಡಿನಲ್ಲಿ ಕುಕ್ಕರ್ ಕೂಗದಿದ್ದಾಗ ನನ್ನ ಮುಖ ನೋಡಿದರು. ಮೂರನೇ ಹಾಡಿಗೆ ಕೈ ಎತ್ತಿದರು, ದನಿ ಏರಿಸಿದರು, ಕಿವಿ ಹಚ್ಚಿದರು. ಗಿಟಾರ್ ಕೋಣೆಯ ತುಂಬ ಮೊಳಗಿತು. ಮೇಜಿನ ಕೆಳಗೆ ಕಾಲು ನಿಂತುಹೋಯಿತು.

"ಟೇಪು?"

ನಡೆದದ್ದು ಹೇಳಿದೆ.

"ತುಂಡಾದರೆ ಅಂಟಿಸಬಹುದಿತ್ತು. ಎರಡು ಸಲ ಅಂಟಿಸಿದ್ದೇನೆ" ಎಂದರು. ಸಿಡಿ ಪ್ಲೇಯರ್ ಆರಿಸಿ, "ಸುಮತಿಯ ಒಂದು ಮಾತು ಇತ್ತು ಅಲ್ಲಿ. ನನ್ನ ಹೆಂಡತಿ. ಅನ್ನ ಆರಿತು, ಆ ಗಲಾಟೆ ಸ್ವಲ್ಪ ಸಣ್ಣ ಮಾಡಿ ಅಂತ ಬೈದದ್ದು. ನಾನು ಸಣ್ಣ ಮಾಡಿದೆ. ಆಗ ನಕ್ಕಳು. ಅದೂ ಬಿದ್ದಿತ್ತು ಟೇಪಿನಲ್ಲಿ. ಅವಳು ತೀರಿಹೋದ ಮೇಲೆ ನನ್ನ ಹತ್ತಿರ ಇದ್ದದ್ದು ಅಷ್ಟೇ" ಎಂದರು.

ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೈಯಿರಿ ವಾಸಣ್ಣ ಎಂದೆ. ಅವರು ಬೈಯಲಿಲ್ಲ. "ಊಟಕ್ಕೆ ಹೋಗುವ, ನಿನಗೆ ಹಸಿವಾಗಿರಬೇಕು" ಎಂದು ಎದ್ದರು.

ಮತ್ತೆ ಹೋಗುವ ಮುಖ ನನಗಿರಲಿಲ್ಲ. ಎರಡು ವರ್ಷದ ಮೇಲೆ, ಅವರು ಇನ್ನಿಲ್ಲವೆಂದು ಲಾಡ್ಜಿನವರು ಫೋನಿನಲ್ಲಿ ಹೇಳಿದರು.

ಈಚೆಗೆ ಆ ಆಲ್ಬಂ ಮತ್ತೆ ಹಾಕಿದೆ. ಮೂರನೇ ಹಾಡಿನ ನಡುವೆ ಡ್ರಮ್ ನಿಂತಾಗ ನನ್ನ ಕೈ ತಾನಾಗಿ ದನಿ ಏರಿಸಿತು. ಸ್ಪೀಕರಿಗೆ ಕಿವಿ ಹಚ್ಚಿದೆ. ಗಿಟಾರ್ ಒಂದೇ ಒಂದು ಅಡ್ಡಿಯಿಲ್ಲದೆ ಕೇಳಿಸಿತು.