ಕುದುರೆಯ ನಾಲ್ಕನೇ ಕಾಲು

ನನ್ನ ಷಡ್ಡಕ ಬರೆದ ಹಸುವನ್ನು ನೀವು ನೋಡಿದ್ದೀರಿ. ಒಂದನೇ ಕ್ಲಾಸಿನ ಗೋಡೆಗೆ ನೇತುಹಾಕಿದ 'ಸಾಕುಪ್ರಾಣಿಗಳು' ಚಾರ್ಟಿನಲ್ಲಿ, ಮೇಲಿನ ಸಾಲಿನ ಎಡಗಡೆ, ನಾಯಿಯ ಪಕ್ಕದಲ್ಲಿ, ತಲೆಯಲ್ಲಿ ಒಂದು ಯೋಚನೆಯೂ ಇಲ್ಲದೆ ನಿಮ್ಮನ್ನೇ ನೋಡುತ್ತ ನಿಂತಿರುತ್ತದಲ್ಲ, ಅದೇ ಹಸು. ಮೂವತ್ತೊಂದು ವರ್ಷದಿಂದ ಅವನು ಅದನ್ನೇ ಬರೆಯುತ್ತಿದ್ದಾನೆ. ಹಸು ಮುಗಿದರೆ ಆಡು, ಆಡು ಮುಗಿದರೆ ಬಾತುಕೋಳಿ, ಅದೂ ಮುಗಿದರೆ 'ನಮ್ಮ ದೇಹದ ಭಾಗಗಳು'. ಇವನನ್ನು ಕಲಾವಿದ ಅನ್ನುವುದಾದರೆ ಗೋಡೆಗೆ ಸುಣ್ಣ ಹೊಡೆಯುವವನು ಏನು ಪಾಪ ಮಾಡಿದ್ದ ಎಂದು ನಾನು ಎಷ್ಟೋ ಸಲ ಅವನೆದುರಿಗೇ ಕೇಳಿದ್ದೇನೆ. ಅವನು ನಕ್ಕು ಊಟದ ಡಬ್ಬಿ ಬಿಚ್ಚುತ್ತಾನೆ.

ಇಂಥವನ ಬಗ್ಗೆ ಬರೆಯುವ ಆಸೆ ನನಗೇನೂ ಇಲ್ಲ. ಬರೆಯುವಂತೆ ಮಾಡಿದ್ದು ನನ್ನ ಬಲಗೈ. ನಾನು ಪುಸ್ತಕಗಳಿಗೆ ಮುಖಪುಟ ಬರೆಯುವವನು. ಈಗ್ಗೆ ಸ್ವಲ್ಪ ದಿನದ ಹಿಂದಿನವರೆಗೆ, ಸರಿಯಾಗಿ ಹದಿನಾಲ್ಕು ತಿಂಗಳು, ಆ ಕೈಯಿಂದ ಒಂದು ಗೆರೆಯೂ ಹೊರಡಲಿಲ್ಲ. ಕೈ ಮತ್ತೆ ಬರುತ್ತದೋ ಇಲ್ಲವೋ ಎಂದು ನಾನು ಜೀವ ಹಿಡಿದುಕೊಂಡು ಕೂತಿದ್ದಾಗ ನಡುವೆ ತಲೆ ಹಾಕಿದವನು ಈ ಹಸುವಿನ ಗಿರಾಕಿ. ಹಾಗಾಗಿ ಇವನ ಕಥೆ ಹೇಳದೆ ವಿಧಿಯಿಲ್ಲ.

ಶಾಲೆಗಳಿಗೆ ಗೋಡೆ ಚಾರ್ಟು ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಅವನಿಗೆ ಕೆಲಸ. ಕೆಳಗೆ ಪ್ರೆಸ್ಸು, ಮೇಲೆ ಒಂದು ಉದ್ದನೆಯ ಕೋಣೆ. ಅವನ ಮೇಜು ಕಿಟಕಿ ಪಕ್ಕ. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾನೆ, ಎಂಟು ಐವತ್ತೊಂಬತ್ತಕ್ಕಲ್ಲ. ಚೀಲದಿಂದ ಮೊದಲು ತೆಗೆಯುವುದು ಬ್ರಷ್ಷಲ್ಲ, ಅಡುಗೆಮನೆಯ ಒಂದು ಹಳೇ ಅಲಾರಂ ಗಡಿಯಾರ. ಅದಕ್ಕೆ ಕೀಲಿ ಕೊಟ್ಟು ಐದು ಗಂಟೆಗೆ ಇಟ್ಟು ಬಣ್ಣದ ಬಟ್ಟಲುಗಳ ಪಕ್ಕ ಕೂರಿಸುತ್ತಾನೆ. ಮಧ್ಯಾಹ್ನ ಉಂಡು ಮುಖದ ಮೇಲೆ ಕರ್ಚೀಫು ಹಾಕಿಕೊಂಡು ಕುರ್ಚಿಯಲ್ಲೇ ಇಪ್ಪತ್ತು ನಿಮಿಷ ನಿದ್ದೆ. ಗುರುವಾರ ಮಧ್ಯಾಹ್ನ ಕೆಲಸವೇ ಇಲ್ಲ. ದನಕರುಗಳ ಆಸ್ಪತ್ರೆಗೆ ಹೋಗಿ ಅಲ್ಲಿನ ಬೆಂಚಿನ ಮೇಲೆ ಕೂರುತ್ತಾನೆ. ಒಂದು ತುಂಡು ಕಾಗದವನ್ನಾದರೂ ಒಯ್ಯುತ್ತಾನೆಯೇ ಎಂದರೆ ಅದೂ ಇಲ್ಲ.

"ಬರೀ ನೋಡ್ತಾ ಕೂತ್ಕೊಳ್ಳೋಕೆ ಅಲ್ಲಿವರೆಗೆ ಹೋಗ್ತೀಯೇನೋ?" ಎಂದು ಕೇಳಿದ್ದೆ.

"ಹೂಂ ಅಣ್ಣ. ವಾರವೆಲ್ಲ ಖರ್ಚು ಮಾಡಿರ್ತೀನಲ್ಲ, ತುಂಬ್ಕೊಂಡು ಬರೋದು ಬೇಡ್ವಾ?"

ಏನು ತುಂಬಿಕೊಳ್ಳುತ್ತಾನೋ! ಹುಣ್ಣಾದ ಕಾಲಿನ ಕತ್ತೆಗಳನ್ನು ನೋಡಿ ತುಂಬಿಕೊಳ್ಳುವುದೇನಿರುತ್ತದೆ?

ಇದೆಲ್ಲ ಹೋಗಲಿ ಅನ್ನಬಹುದು. ಐದಕ್ಕೆ ಅಲಾರಂ ಕಿರುಚಿದಾಗ ಅವನು ಮಾಡುವುದನ್ನು ಮಾತ್ರ ನೋಡಲಾಗುವುದಿಲ್ಲ. ತಲೆ ಮೇಲೆ ತಲೆ ಬಿದ್ದರೂ ಅವನು ಎದ್ದುಬಿಡುತ್ತಾನೆ. ಗೆರೆ ಅರ್ಧಕ್ಕಿರಲಿ, ಬಾತುಕೋಳಿಗೆ ಕೊಕ್ಕು ಇಲ್ಲದಿರಲಿ, ಬ್ರಷ್ ತೊಳೆದು, ಬಟ್ಟಲು ಮುಚ್ಚಿ, ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿಯುತ್ತಾನೆ. ಅಲಾರಂ ಹೊಡೆಯುವ ಮೊದಲೇ ಚಿತ್ರ ಮುಗಿಯುವ ಹಾಗೆ ಕಂಡರೆ ಬೇಕೆಂದೇ ಒಂದು ಕಿವಿಯನ್ನೋ ಬಾಲವನ್ನೋ ಉಳಿಸಿಕೊಳ್ಳುತ್ತಾನೆ. ಕಂಪನಿಯವರು ಅವನನ್ನು ಗಡಿಯಾರಪ್ಪ ಅಂತ ಕರೆಯುವುದು ಸುಮ್ಮನೆ ಅಲ್ಲ.

ಈ ಚಾಳಿಯಿಂದ ಒಮ್ಮೆ ಕಂಪನಿಯ ಮಾನವೇ ಹೋಯಿತು. ಇವನು ಮನೆಗೆ ಹೋದಮೇಲೆ ಮಾಲೀಕರು ಅವಸರಕ್ಕೆ ಮೇಜಿನ ಮೇಲಿದ್ದ ಆಡಿನ ಚಿತ್ರವನ್ನು ಎತ್ತಿಕೊಂಡು ಹೋಗಿ ಪ್ರೆಸ್ಸಿಗೆ ಕೊಟ್ಟರು. ಆರು ಸಾವಿರ ಚಾರ್ಟು ಅಚ್ಚಾಗಿ ಶಾಲೆಗಳಿಗೆ ಹೋಯಿತು. ಆಮೇಲೆ ಒಬ್ಬ ಟೀಚರಿಂದ ಕಾಗದ ಬಂತು: ಆಡಿಗೆ ಮೂರೇ ಕಾಲು ಯಾಕೆ ಎಂದು ಮಕ್ಕಳು ಕೇಳುತ್ತಿದ್ದಾರೆ, ಇನ್ನೊಂದನ್ನು ಪಕ್ಕದ ನಾಯಿ ಕಚ್ಚಿಕೊಂಡು ಹೋಯಿತು ಎಂದು ಒಬ್ಬ ಹುಡುಗಿ ಹೇಳಿದ ಮೇಲೆ ಇಡೀ ಕ್ಲಾಸು ಅದನ್ನೇ ನಂಬಿದೆ. ಮಾಲೀಕರು ಕೆಂಡಾಮಂಡಲವಾದರು.

"ಮುಗಿಸಿ ಹೋಗೋಕೆ ಏನ್ರೀ ರೋಗ ನಿಮಗೆ?"

"ಮುಗಿಸಿಬಿಟ್ರೆ ನಾಳೆ ಬೆಳಿಗ್ಗೆ ಎಲ್ಲಿಂದ ಶುರು ಮಾಡ್ಲಿ ಸಾರ್? ಖಾಲಿ ಹಾಳೆ ನೋಡಿದ್ರೆ ನನಗೆ ಭಯ. ಅರ್ಧ ಕಾಲು ಇದ್ರೆ ಬಂದು ಕೂತ್ಕೊಳ್ತೀನಿ."

ಖಾಲಿ ಹಾಳೆ ನೋಡಿದರೆ ಭಯವಂತೆ. ಇದನ್ನು ಒಬ್ಬ ಚಿತ್ರಗಾರ ಹತ್ತು ಜನರ ಎದುರು ನಾಚಿಕೆಯಿಲ್ಲದೆ ಹೇಳಿದ. ಅಂದಿನಿಂದ ಅವನು ಸಂಜೆ ಹೊರಡುವಾಗ ಅರೆಬರೆ ಚಿತ್ರದ ಮೇಲೆ 'ಮುಟ್ಟಬೇಡಿ' ಎಂದು ಬರೆದ ಚೀಟಿ ಸಿಕ್ಕಿಸಿ ಹೋಗುತ್ತಾನೆ.

ನಾನೂ ಒಂದು ಕಾಲದಲ್ಲಿ ಎರಡು ವರ್ಷ ಅದೇ ಕೋಣೆಯಲ್ಲಿ ಕೂತವನು, ಆಗಿನ್ನೂ ಅವನು ಷಡ್ಡಕನಾಗಿರಲಿಲ್ಲ. ಒಂದು ಸಂಜೆ ಅವನು ಸೊಂಡಿಲಿಲ್ಲದ ಆನೆಯನ್ನು ಬಿಟ್ಟು ಹೋಗಿದ್ದ. ನನ್ನ ಕೈ ಸುಮ್ಮನಿರಲಿಲ್ಲ. ಐದು ನಿಮಿಷದಲ್ಲಿ ಚೆಂದದ ಸೊಂಡಿಲು ಎಳೆದು ಹೋದೆ. ಅವನು ಜನ್ಮದಲ್ಲಿ ಅಂಥದ್ದು ಬರೆದಿರಲಿಲ್ಲ. ಮರುದಿನ ಬಂದವನು ಆನೆಯ ಮುಂದೆ ಮಂಕು ಕವಿದವನ ಹಾಗೆ ಕೂತ. ಹನ್ನೊಂದಾಯಿತು, ಹನ್ನೆರಡಾಯಿತು. ಕೊನೆಗೆ ಬಿಳಿ ಬಣ್ಣ ತೆಗೆದು ನನ್ನ ಸೊಂಡಿಲನ್ನು ಪೂರ್ತಿ ಬಳಿದು ಮುಚ್ಚಿ, ಒಣಗುವವರೆಗೆ ಕಾದು, ಅದೇ ಜಾಗದಲ್ಲಿ ತನ್ನ ಸಪ್ಪೆ ಸೊಂಡಿಲನ್ನು ಎಳೆದ. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ನಾದಿನಿಗೆ ಗಂಡು ಹುಡುಕುತ್ತಿದ್ದಾಗ ಇವನ ಮಾತೆತ್ತಿದವನೂ ನಾನೇ. "ಐದಕ್ಕೆ ಸರಿಯಾಗಿ ಮನೆಗೆ ಬರೋ ಗಂಡು ಒಂದಿದೆ" ಎಂದು ಕುಹಕಕ್ಕೆ ಅಂದಿದ್ದೆ. ಅವಳು ತನ್ನ ಅಕ್ಕನ ಮುಖ ನೋಡಿದಳು. ಆ ಅಕ್ಕ ಎಂದರೆ ನನ್ನ ಹೆಂಡತಿ, ವಾರಕ್ಕೆರಡು ದಿನ ಗಂಡನ ಮುಖ ನೋಡಿದರೆ ಹೆಚ್ಚು. ನಾದಿನಿ ಬೇರೇನನ್ನೂ ಕೇಳದೆ ಒಪ್ಪಿಬಿಟ್ಟಳು.

ಇನ್ನು ನನ್ನ ಕಥೆ. ನಾನು ಅವನ ಹಾಗಲ್ಲ. ಕೂತರೆ ಮುಗಿಯುವವರೆಗೆ ಏಳುತ್ತಿರಲಿಲ್ಲ, ಊಟ ತಣ್ಣಗಾದ ಮೇಲೆ ನೆನಪಾಗುತ್ತಿತ್ತು. ಕೆಂಪಾದ ಕಣ್ಣು, ಬೆಳೆದ ಗಡ್ಡ ಹೊತ್ತು ಪ್ರಕಾಶಕರ ಕಚೇರಿಗೆ ಹೋದರೆ ಜನ ಎದ್ದು ನಿಲ್ಲುತ್ತಿದ್ದರು. ಆ ಗಡ್ಡವನ್ನು ನಾನು ಸ್ವಲ್ಪ ಹೆಚ್ಚೇ ಬೆಳೆಸುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ದಿನ ಒಬ್ಬ ಪ್ರಕಾಶಕ ಬಂದ. ನಲವತ್ತು ಸಂಪುಟ, ನಲವತ್ತು ಮುಖಪುಟ, ನಲವತ್ತು ದಿನ. "ಇದು ಬೇರೆ ಯಾರಿಂದಲೂ ಆಗಲ್ಲ ಸಾರ್" ಅಂದ. ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಷಡ್ಡಕನಿಗೆ ವಿಷಯ ಗೊತ್ತಾಗಿ, "ಅಣ್ಣ, ನನಗಾದ್ರೆ ಒಂದೂವರೆ ವರ್ಷ ಬೇಕಾಗುತ್ತೆ" ಅಂದಾಗ, "ಅದಕ್ಕೇ ನಿನ್ನನ್ನ ಕೇಳಲಿಲ್ಲ" ಅಂದೆ.

ಮುಗಿಸಿದೆ, ನಲವತ್ತನೇ ದಿನವೇ. ಬಿಡುಗಡೆಯ ಸಭೆಯಲ್ಲಿ ನಲವತ್ತನ್ನೂ ಸಾಲಾಗಿ ನಿಲ್ಲಿಸಿದ್ದರು. ಕೊನೆಯ ಒಂಬತ್ತನ್ನು ಯಾರು ಬರೆದದ್ದೆಂದು ನನಗೇ ಗುರುತು ಹತ್ತಲಿಲ್ಲ. ಇಷ್ಟು ಕೆಟ್ಟದಾಗಿ ಬರೆದವನು ಯಾರು ಎಂದು ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ಪುಸ್ತಕ ಮುಂದೆ ಹಿಡಿದು, "ಸಹಿ ಪಕ್ಕದಲ್ಲಿ ಒಂದು ಪುಟ್ಟ ಹೂವು ಬರೆದುಕೊಡಿ ಸಾರ್" ಅಂದರು. ಸಹಿ ಹಾಕಿದೆ. ಪೆನ್ನು ಹಾಳೆಯ ಮೇಲಿತ್ತು, ಹೂವು ಬರಲಿಲ್ಲ. ಎಸಳು ಯಾವ ಕಡೆ ತಿರುಗಬೇಕೆಂದು ಕೈಗೆ ಗೊತ್ತಿರಲಿಲ್ಲ. ಶಾಯಿ ಮುಗಿದಿದೆ ಎಂದು ಸುಳ್ಳು ಹೇಳಿದೆ. ಆಕೆ ತಮ್ಮ ಪೆನ್ನು ಕೊಟ್ಟರು.

ಅಲ್ಲಿಂದ ಹದಿನಾಲ್ಕು ತಿಂಗಳು. ಡಾಕ್ಟರು ಕೈಯನ್ನು ಮಡಚಿ, ಬಿಚ್ಚಿ, ತಟ್ಟಿ, "ಏನೂ ಆಗಿಲ್ಲ" ಅಂದರು. ಎದ್ದು ನಿಲ್ಲುತ್ತಿದ್ದ ಜನ ಫೋನ್ ಎತ್ತುವುದನ್ನೇ ಬಿಟ್ಟರು. ಗಡ್ಡಕ್ಕೆ ಬೆಲೆ ಕೊಟ್ಟವರಿಂದ ನಾನಾದರೂ ಏನು ನಿರೀಕ್ಷಿಸಿದ್ದೆನೋ. ಮನೆಯಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಒಂದು ಡಜನ್ ಪೆನ್ಸಿಲ್ ಬೆರಳುದ್ದಕ್ಕೆ ಬಂದಾಗ ಹೆಂಡತಿ ಇನ್ನೊಂದು ಡಜನ್ ತಂದಿಟ್ಟಳು. ಅದನ್ನು ಕಂಡು ನನಗೆ ಅಳು ಬಂತು.

ಆಗ ಇವನು ಬಂದ. ಭಾನುವಾರ, ಕೈಯಲ್ಲಿ ಬಾಳೆಹಣ್ಣು.

"ಅಣ್ಣ, ಬ್ರಷ್ ತೊಳೆಯೋಕೆ ಒಬ್ಬರು ಬೇಕಾಗಿತ್ತು."

ನಾನೂರು ಮುಖಪುಟ ಬರೆದವನನ್ನು ಬ್ರಷ್ ತೊಳೆಯಲು ಕರೆಯುತ್ತಿದ್ದ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಾನು ತಂದ ಬಾಳೆಹಣ್ಣನ್ನೇ ಸುಲಿದು ತಿನ್ನುತ್ತ ಕೇಳಿಸಿಕೊಂಡ. ನಾನು ನಿಲ್ಲಿಸಿದ ಮೇಲೆ ಹೆಂಡತಿ ಒಳಗಿನಿಂದ ಹೇಳಿದಳು: "ಹೋಗ್ರೀ. ಪೆನ್ಸಿಲ್ ಹೆರೆಯೋದಕ್ಕಿಂತ ವಾಸಿ."

ಹೋದೆ. ಹನ್ನೊಂದು ದಿನ ಬ್ರಷ್ ತೊಳೆದೆ. ಒಂಬತ್ತಕ್ಕೆ ಬರುವುದು, ಐದಕ್ಕೆ ಹೋಗುವುದು. ಮಧ್ಯಾಹ್ನ ನನಗೂ ಒಂದು ಕರ್ಚೀಫು ಕೊಟ್ಟ. ಮುಖದ ಮೇಲೆ ಹಾಕಿಕೊಂಡು ಅದರೊಳಗೇ ಹಲ್ಲು ಕಡಿಯುತ್ತ ಕೂತೆ. ಗುರುವಾರ ಆ ಆಸ್ಪತ್ರೆಯ ಬೆಂಚಿನ ಮೇಲೂ ಕೂತೆ. ಗಾಡಿ ಎಳೆಯುವ ಕುದುರೆಯೊಂದು ಬಂದಿತ್ತು. ಹಿಂಗಾಲನ್ನು ನೆಲಕ್ಕೆ ಊರಲಾರದೆ ಗೊರಸಿನ ತುದಿ ಮಾತ್ರ ತಾಗಿಸಿ ನಿಂತಿತ್ತು.

ಹನ್ನೆರಡನೇ ದಿನ ಅವನು ಕುದುರೆ ಬರೆಯತೊಡಗಿದ. ನಾನು ನೀರಿನ ಡಬ್ಬ ಹಿಡಿದು ಹಿಂದೆ ನಿಂತಿದ್ದೆ. ಎಷ್ಟು ಹೊತ್ತು ತಡೆದುಕೊಳ್ಳಲಿ?

"ಇದು ಕುದುರೇನೇನೋ? ಬಾಲ ಬದಲಾಯಿಸಿದ ಹಸು ಇದು! ಮೂವತ್ತು ವರ್ಷದಿಂದ ಅದೇ ಹಸು ಬರೆದು ಬರೆದು ಎಲ್ಲಕ್ಕೂ ಅದರ ಹೊಟ್ಟೆನೇ ಅಂಟಿಸ್ತೀಯಾ."

"ಹೌದಣ್ಣ, ಕುದುರೆ ನನಗೆ ಬರಲ್ಲ. ಎಲ್ಲಿ ತಪ್ಪಿದೆ?"

"ಎಲ್ಲಿ ತಪ್ಪಿಲ್ಲ ಅಂತ ಕೇಳು. ಕತ್ತು ಇಲ್ಲಿಂದ ಏಳ್ಬೇಕು. ಎದೆ ಹೀಗೆ ಬರ್ಬೇಕು. ತೆಗಿ ಆ ಹಾಳೇನ."

ಅವನು ತೆಗೆದ. ಕೆಳಗೆ ಬಿಳಿ ಹಾಳೆ. ತೋರಿಸಲೆಂದು ಕೈ ಮುಂದೆ ಮಾಡಿದೆ, ಕೈಯಲ್ಲಿ ಆಗತಾನೇ ತೊಳೆಯಲು ತೆಗೆದುಕೊಂಡ ಬ್ರಷ್ ಇತ್ತು, ಅದರಲ್ಲಿ ಇನ್ನೂ ಕಂದು ಬಣ್ಣ ಉಳಿದಿತ್ತು. ಕತ್ತು ಎದ್ದಿತು. ಎದೆ ಬಂತು. ಅವನನ್ನು ಬೈಯುವ ಭರದಲ್ಲಿ ಬೆನ್ನು, ಹೊಟ್ಟೆ, ಮುಂಗಾಲು ಎರಡೂ ಆದವು. ಮೊದಲ ಹಿಂಗಾಲು ಮುಗಿಯುವ ಹೊತ್ತಿಗೆ ನಾನು ಬೈಯುವುದನ್ನು ನಿಲ್ಲಿಸಿದ್ದೆ. ಕೈ ಬರೆಯುತ್ತಿದೆ ಎಂದು ಆಗ ಗೊತ್ತಾಯಿತು. ಇನ್ನೊಂದು ಹಿಂಗಾಲು ಬಾಕಿ. ಅದನ್ನು ಆ ಗಾಡಿ ಕುದುರೆಯ ಹಾಗೆ, ತುದಿ ಮಾತ್ರ ತಾಗಿಸಿ ನಿಲ್ಲಿಸಬೇಕು ಎಂದುಕೊಂಡು ಬ್ರಷ್ ಅದ್ದಿದೆ.

ಅಲಾರಂ ಕಿರುಚಿತು.

ಅವನು ಎದ್ದು ನನ್ನ ಬೆರಳುಗಳ ನಡುವಿನಿಂದ ಬ್ರಷ್ ಎಳೆದುಕೊಂಡ.

"ಕೊಡೋ! ಒಂದೇ ಕಾಲು ಮಾರಾಯ! ಹತ್ತು ನಿಮಿಷ!"

"ಹತ್ತು ನಿಮಿಷ ಅಂತಾನೇ ನಲವತ್ತು ದಿನ ಕೂತಿದ್ರಿ ಅಣ್ಣ."

"ಹದಿನಾಲ್ಕು ತಿಂಗಳಾದ್ಮೇಲೆ ಬಂದಿದೆ ಕಣೋ ಇದು! ನಾಳೆ ಬರದಿದ್ರೆ?"

ನಾನು ಕೂಗಿದ್ದು ಕೆಳಗೆ ಪ್ರೆಸ್ಸಿನವರಿಗೂ ಕೇಳಿಸಿತಂತೆ. ಅವನು ಬ್ರಷ್ ತೊಳೆದ, ಒರೆಸಿದ, ತನ್ನ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ. ಬಣ್ಣಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಮೂರು ಕಾಲಿನ ನನ್ನ ಕುದುರೆಯ ಮೇಲೆ 'ಮುಟ್ಟಬೇಡಿ' ಚೀಟಿ ಸಿಕ್ಕಿಸಿ, ಡಬ್ಬಿ ತೆಗೆದುಕೊಂಡು ಹೊರಟ. ನನ್ನ ಜೀವಮಾನದಲ್ಲಿ ಯಾರನ್ನೂ ಅಷ್ಟು ದ್ವೇಷಿಸಿರಲಿಲ್ಲ.

ಮರುದಿನ ಕಣ್ಣು ಬಿಡುವ ಮೊದಲೇ ಆ ಕಾಲು ಎದುರಿಗಿತ್ತು. ಮಂಡಿ ಎಲ್ಲಿ ಬಾಗಬೇಕು, ಭಾರ ಯಾವ ಕಡೆ ಬೀಳಬೇಕು, ಎಲ್ಲ ತಿಳಿದಿತ್ತು. ಹೆಂಡತಿ ಟೀ ತರುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಯಾಗಿತ್ತು. ಅವಳು ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಅವಳ ಮುಖ ನೋಡಲು ನನಗೆ ಪುರುಸೊತ್ತಿರಲಿಲ್ಲ.

ಎಂಟೂವರೆಗೇ ಕಂಪನಿ ತಲುಪಿದೆ. ಪ್ರೆಸ್ಸಿನವರು ಆಗಲೇ ಬಂದಿದ್ದರು. ಮೇಲಿನ ಕೋಣೆಗೆ ಬೀಗ, ಕೀಲಿ ಗಡಿಯಾರಪ್ಪನ ಹತ್ತಿರ. ಮೆಟ್ಟಿಲ ಪಕ್ಕದ ಗೋಡೆಗೆ ಹಳೇ ಚಾರ್ಟುಗಳನ್ನು ಅಂಟಿಸಿದ್ದರು. ಕಾಲ ಕಳೆಯಲು ಅವನ್ನೇ ನೋಡುತ್ತ ನಿಂತೆ. ಹನ್ನೆರಡು ವರ್ಷ ಹಿಂದಿನ 'ಭಾರ ಹೊರುವ ಪ್ರಾಣಿಗಳು' ಅಲ್ಲಿತ್ತು. ಎರಡನೇ ಸಾಲಿನಲ್ಲಿ ಒಂದು ಕುದುರೆ. ಕತ್ತು ಏಳಬೇಕಾದಲ್ಲಿಂದಲೇ ಎದ್ದಿತ್ತು, ಎದೆ ಸರಿಯಾಗಿತ್ತು, ನಾಲ್ಕು ಗೊರಸೂ ನೆಲದ ಮೇಲೆ ನಿಂತ ರೀತಿಗೆ ಬೆರಳಿಟ್ಟು ತೋರಿಸುವಂಥ ತಪ್ಪು ಒಂದೂ ಇರಲಿಲ್ಲ. ಕೆಳಗೆ ಮೂಲೆಯಲ್ಲಿ ಅವನ ಸಹಿ. ಕುದುರೆ ಬರುವುದಿಲ್ಲವಂತೆ, ಹಾಳಾದವನಿಗೆ.

ಮೆಟ್ಟಿಲ ಕಿಟಕಿಯಿಂದ ಹೊರಗೆ ನೋಡಿದೆ. ರಸ್ತೆಯಲ್ಲಿ ಅವನು ಡಬ್ಬಿ ಹಿಡಿದುಕೊಂಡು ಬರುತ್ತಿದ್ದ, ಜೇಬಿನಲ್ಲಿ ನನ್ನ ಬ್ರಷ್ಷಿನ ತುದಿ ಕಾಣುತ್ತಿತ್ತು.

"ಬೇಗ ಬಾರೋ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಕೈಗಡಿಯಾರ ನೋಡಿಕೊಂಡ. ಒಂಬತ್ತಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಅವನು ಹೆಜ್ಜೆ ಜೋರು ಮಾಡಲಿಲ್ಲ.