ಪಕ್ಕದ ಗೂಟದ ಆಕಳು

ಯಾರಾದರೂ ಹೆಮ್ಮೆಯಿಂದ ತಮ್ಮ ಆಕಳು ತೋರಿಸಿದರೆ ಗುರುಸಿದ್ದಪ್ಪನವರು ಅದರ ಕಡೆ ನೋಡುತ್ತಲೇ ಇರಲಿಲ್ಲ. ನೆಟ್ಟಗೆ ಪಕ್ಕದ ಗೂಟದ ಆಕಳ ಹತ್ತಿರ ಹೋಗಿ, ಅದರ ಬೆನ್ನು ಸವರಿ, ಇದು ಎಷ್ಟು ಹಾಲು ಕೊಡುತ್ತದೆ ಎಂದು ಕೇಳುವರು. ಮನೆಯವರ ಮುಖ ಸಪ್ಪಗಾಗುತ್ತಿತ್ತು. ನನಗೆ ಒಳಗೊಳಗೇ ನಗು.

ಮೂವತ್ತರ ದಶಕದಲ್ಲಿ ಧಾರವಾಡದ ಒಂದು ದನಗಳ ಕಚೇರಿಯಲ್ಲಿ ಅವರು ಹಾಲು ತೂಗುವವರು, ನಾನು ಹೊಸ ಕಾರಕೂನ. ಸುತ್ತಲಿನ ಊರುಗಳ ಹೋರಿಗಳಲ್ಲಿ ಯಾವುದನ್ನು ತಳಿಗೆ ಉಳಿಸಬೇಕು, ಯಾವುದರ ಬೀಜ ಒಡೆಸಬೇಕು ಎಂಬುದನ್ನು ಅವಕ್ಕೆ ಹುಟ್ಟಿದ ಆಕಳುಗಳ ಹಾಲು ನೋಡಿ ಗೊತ್ತುಮಾಡುತ್ತಿದ್ದರು. ಹಾಲು ತೂಗಿದರೆ ದೃಷ್ಟಿಯಾಗುತ್ತದೆಂದು ಹೆಂಗಸರು ಸುಲಭಕ್ಕೆ ಬಿಡುತ್ತಿರಲಿಲ್ಲ. ಹಾಗಾಗಿ ತೂಗಿದ ಮೇಲೆ ಗುರುಸಿದ್ದಪ್ಪನವರು ತಾವೇ ಆಕಳಿಗೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿ, ಘಾಟಿಗೆ ಕೆಮ್ಮುತ್ತ ಹೊರಬರುತ್ತಿದ್ದರು.

ಒಮ್ಮೆ ಅವರು ಜ್ವರದಿಂದ ಮಲಗಿದಾಗ ಪಟ್ಟಿ ನಾನೇ ಬರೆದೆ. ಹೆಚ್ಚು ಹಾಲಿನ ಆಕಳುಗಳ ತಂದೆ ಹುಬ್ಬಳ್ಳಿಯ ಹೋರಿ. ಅದನ್ನು ಮೇಲೆ ಬರೆದೆ. ಉಣಕಲ್ಲಿನ ನೀಲವ್ವ ಸಾಕಿದ ಹೋರಿ ತಳಕ್ಕೆ ಹೋಯಿತು. ಕಚೇರಿಯ ಸಾಹೇಬರು ಅದರ ಬೀಜ ಒಡೆಸಲು ಸಹಿ ಹಾಕಿದರು. ಗುರುಸಿದ್ದಪ್ಪನವರು ಎದ್ದು ಬಂದು ಪಟ್ಟಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

“ತಮ್ಮಾ, ಹುಬ್ಬಳ್ಳಿ ಆಕಳು ಹತ್ತಿಕಾಳು, ಹಿಂಡಿ ತಿನ್ನೂ ಮನ್ಯಾಗಿನ್ವು. ಉಣಕಲ್ಲಿನ್ವಕ್ಕ ಬರೇ ಜ್ವಾಳದ ಒಣಾ ಕಣಿಕಿ. ಆ ಹಾಲು ಹೋರಿದೋ, ಮನೀದೋ? ಅದೇ ಮೇವು ತಿಂದು ಬಾಜೂಕಿನ ಗೂಟದ ಆಕಳು ಎಷ್ಟು ಕೊಡತೈತಿ, ಅದನ್ನ ಮೊದಲು ನೋಡಬೇಕು.”

ಮೈಯಲ್ಲಿ ಜ್ವರ ಇಟ್ಟುಕೊಂಡೇ ಮೂರು ದಿನ ಉಣಕಲ್ಲಿನಲ್ಲಿ, ಎರಡು ದಿನ ಹುಬ್ಬಳ್ಳಿಯಲ್ಲಿ ತಿರುಗಿ ಪಕ್ಕದ ಆಕಳುಗಳ ಹಾಲನ್ನೂ ತೂಗಿದರು. ಹುಬ್ಬಳ್ಳಿಯ ಕೊಟ್ಟಿಗೆಗಳಲ್ಲಿ ಆ ಹೋರಿಯ ಮಗಳೂ ಪಕ್ಕದ ಆಕಳೂ ಎಲ್ಲವೂ ಒಂದೇ ಸಮ ಕೊಡುತ್ತಿದ್ದವು. ಉಣಕಲ್ಲಿನ ಪ್ರತಿ ಮನೆಯಲ್ಲೂ ನೀಲವ್ವನ ಹೋರಿಯ ಮಗಳೇ ಒಂದು ಕೈ ಮೇಲು. ಸಾಹೇಬರು ಒಪ್ಪಿ ಹುಕುಂ ರದ್ದು ಮಾಡಿದರು. ಆ ಕಾಗದ ಹಿಡಿದು ಇಬ್ಬರೂ ಉಣಕಲ್ಲಿಗೆ ಓಡಿದೆವು.

ಹಿಂದಿನ ದಿನವೇ ಕಚೇರಿಯ ಆಳುಗಳು ಬಂದು ಕೆಲಸ ಮುಗಿಸಿಬಿಟ್ಟಿದ್ದರು. ಹೋರಿ ನೋವಿಗೆ ಕಾಲು ಅಗಲಿಸಿ ನಿಂತಿತ್ತು. ನೀಲವ್ವ ಅದರ ಕೊರಳು ಸವರುತ್ತಿದ್ದಳು. ಗುರುಸಿದ್ದಪ್ಪನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನಿನ್ನ ಹೋರಿ ಛಲೋ ಇತ್ತವ್ವಾ. ಲೆಕ್ಕಾ ನಾ ತಪ್ಪಿದೆ.”

ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ. ವಾಪಸು ಬರುವಾಗ ಅವರು ಒಂದು ಮಾತೂ ಬೈಯಲಿಲ್ಲ. ಹಸಿದಿರಬೇಕು ಎಂದು ಚುರುಮುರಿ ಕೊಡಿಸಿದರು. ತಂದೆಯ ಮೇಲೂ ನನಗೆ ಅಷ್ಟು ಪ್ರೀತಿ ಬಂದಿದ್ದಿಲ್ಲ.

ಮರುವರ್ಷ ಅವರು ತೀರಿಕೊಂಡರು. ಮಣ್ಣು ಮಾಡುವ ದಿನ ನೀಲವ್ವ ಉಣಕಲ್ಲಿನಿಂದ ನಡೆದೇ ಬಂದಿದ್ದಳು. ನನಗೆ ತಡೆಯಲಾಗಲಿಲ್ಲ. ಆ ಪಟ್ಟಿ ಬರೆದವನು ನಾನು, ಅವರಲ್ಲ ಎಂದು ಹೇಳಿಬಿಟ್ಟೆ.

“ಗೊತ್ತೈತಪಾ,” ಎಂದಳು ಆಕೆ. “ಅವತ್ತ ಅವರು ನನ್ನ ಮಾರಿ ನೋಡಿ ಮಾತಾಡಿದ್ರು. ನೀ ನೆಲಾ ನೋಡಾಕತ್ತಿದ್ದಿ.”